ತಾಳವಿಲ್ಲದ ಆ ಎರಡು ನಿಮಿಷ

ಜಯನಗರದ ನಮ್ಮ ಸಂಗೀತ ಸಭೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿ ಪಟ್ಟಿ ಮಾಡುವ ಕೆಲಸ ನನ್ನದು. ದೇವರನಾಮ ಯಾವುದು, ಉಗಾಭೋಗ ಯಾವುದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಜ್ಜಿ ಹಾಡುವಾಗ ಅವಳ ತೊಡೆಯ ಮೇಲೆ ಮಲಗಿ ಬೆಳೆದವನು ನಾನು. ದೇವರನಾಮಕ್ಕೆ ಅವಳ ಕೈ ನನ್ನ ಬೆನ್ನ ಮೇಲೆ ತಾಳ ಹಾಕುತ್ತಿತ್ತು. ಉಗಾಭೋಗಕ್ಕೆ ತಾಳವಿಲ್ಲವಲ್ಲ, ಕೈ ಸುಮ್ಮನಿರುತ್ತಿತ್ತು.

ಹೋದ ತಿಂಗಳು ಚಿಕ್ಕಲಸಂದ್ರದಿಂದ ಒಬ್ಬ ಹೆಂಗಸು ಬಂದರು. ತೀರಿಕೊಂಡ ಅವರ ತಾಯಿ ಹಿಂದೊಮ್ಮೆ ನಮ್ಮಲ್ಲಿ ಹಾಡಿದ್ದರಂತೆ. ಆ ದನಿ ಮನೆಯಲ್ಲಿ ಎಲ್ಲೂ ಉಳಿದಿಲ್ಲ.

"ಅಮ್ಮ ಉಗಾಭೋಗ ಹೇಳಿದ್ದು ನಂಗೆ ಚೆನ್ನಾಗಿ ನೆನಪಿದೆ ಸಾರ್."

ಕ್ಯಾಸೆಟ್‌ಗಳ ಮೇಲೆ ಹಾಡಿದವರ ಹೆಸರಿರಲಿಲ್ಲ, ಹಾಗಾಗಿ ಪಟ್ಟಿಯಲ್ಲಿ ಉಗಾಭೋಗ ಎಂದೇ ಹುಡುಕಿದೆ. ಒಂದೇ ಒಂದು ಉಗಾಭೋಗವೂ ಇಲ್ಲ.

"ಇದೇನ್ ಸಾರ್, ದರ್ಶಿನೀಲಿ ಇಡ್ಲಿ ಇಲ್ಲ ಅಂದಂಗಾಯ್ತು!"

ಆಗ ಹೊಳೆಯಿತು. ಉಗಾಭೋಗವನ್ನು ಬಿಡಿಯಾಗಿ ಹಾಡುವವರು ಕಡಿಮೆ. ಪೀಠಿಕೆಯಂತೆ ಹಾಡಿ, ನಿಲ್ಲಿಸದೆ ದೇವರನಾಮಕ್ಕೆ ಇಳಿಯುತ್ತಾರೆ. ನಾನು ಎರಡನ್ನೂ ಸೇರಿಸಿ ದೇವರನಾಮ ಎಂದೇ ಬರೆದುಬಿಟ್ಟಿದ್ದೆ.

"ತಪ್ಪು ನಂದೇ ಅಮ್ಮ. ಕೂತ್ಕೊಳ್ಳಿ, ಸಿಕ್ಕೇ ಸಿಗುತ್ತೆ."

ಹೆಂಗಸರು ಹಾಡಿದ ದೇವರನಾಮಗಳ ಮೊದಲ ಭಾಗವನ್ನಷ್ಟೇ ಒಂದೊಂದಾಗಿ ಹಾಕಿದೆ. ಐದು ಹಾಡಿಗೂ ನನ್ನ ಕೈ ತೊಡೆ ತಟ್ಟಿತು. ಆರನೆಯದಕ್ಕೆ ಸುಮ್ಮನಾಯಿತು.

"ಅಮ್ಮಂದೇ," ಎಂದರು ಅವರು, ಮೆಲ್ಲಗೆ.

ತಾಳವಿಲ್ಲದ ಆ ದನಿ ಎರಡು ನಿಮಿಷ ಹರಿಯಿತು. ತಾಳ ಶುರುವಾದಾಗ ಅವರ ಬೆರಳುಗಳು ಮೇಜಿನ ಮೇಲೆ ಆಡತೊಡಗಿದವು. ಹಾಡು ಮುಗಿದ ಮೇಲೆ ನಾನು ಪಟ್ಟಿಗೆ ಹೊಸ ಸಾಲು ಸೇರಿಸಿ ಉಗಾಭೋಗ ಎಂದು ಬರೆದೆ. ಪಕ್ಕದಲ್ಲಿ ತಾಯಿಯ ಹೆಸರನ್ನು ಅವರ ಕೈಯಲ್ಲೇ ಟೈಪ್ ಮಾಡಿಸಿದೆ.