ಭಾವ ಹೇಳದ ಆರ್ಡರು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ದಲ್ಲಾಳಿ ಕಂಪನಿಯ ಆಫೀಸು ಇದ್ದ ಮಹಡಿಯಲ್ಲಿ ಈಗ ಕನ್ನಡಕದ ಅಂಗಡಿ ಇದೆ. ಕಂಪನಿ ಸತ್ತಿಲ್ಲ. ಹೆಸರು ಬದಲಾಯಿಸಿಕೊಂಡು ಜನರ ಮೊಬೈಲಿನೊಳಗೆ ಹೊಕ್ಕು ಕೂತಿದೆ. ಕಳೆದ ತಿಂಗಳು ಸತ್ಯಮಂಗಲದ ಫ್ಯಾಕ್ಟರಿಗಳ ಹತ್ತಿರ ಟೀ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಯೂನಿಫಾರಂ ಹಾಕಿದ ಇಬ್ಬರು ಕೆಲಸಗಾರರು ಅದೇ ಕಂಪನಿಯ ಆ್ಯಪ್ ತೆರೆದುಕೊಂಡು ದರ ನೋಡುತ್ತಿದ್ದರು.

"ಇಳೀತಾನೇ ಐತಲ್ಲೋ, ಮಾರ್ಬುಡ್ಲಾ?"

"ತಡ್ಕೊಳ್ಳೋ, ಹತ್ತೇ ಹತ್ತತೈತೆ. ಎದೆ ಇಲ್ದೋನು ಯಾಕ್ಲಾ ಆಡಕ್ಕೆ ಬತ್ತೀಯಾ?"

ಎದ್ದು ಆ ಎರಡನೆಯವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ 'ತಡ್ಕೊಳ್ಳಿ' ಎಂಬ ಮಾತನ್ನು ಈ ಜಿಲ್ಲೆಯಲ್ಲಿ ನನಗಿಂತ ಹೆಚ್ಚು ಸಲ ಹೇಳಿದವನು ಇರಲಾರ. ಶೆಟ್ಟಿಹಳ್ಳಿಯ ಮನೆಗೆ ಹೋಗಬೇಕಿದ್ದವನು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಗುಬ್ಬಿ ಬಸ್ಸು ಹತ್ತಿದೆ. ಯಾಕೆ ಹತ್ತಿದೆ ಅಂತ ಹೇಳಬೇಕಾದರೆ ಹಿಂದಿನದನ್ನೆಲ್ಲ ಹೇಳಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಾರ್ಕೆಟ್ ಯಾರ್ಡಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಯೂ ವಾಯಿದೆ ವ್ಯಾಪಾರ ಇತ್ತು. ಮುಂದಿನ ತಿಂಗಳು ಬರುವ ಮಾಲಿಗೆ ಇವತ್ತೇ ದರ ಮಾತಾಡಿಕೊಳ್ಳುವುದು, ಅಷ್ಟೇ. ಬಾಯಿಮಾತೇ ಕರಾರು. ಮಾತು ತಪ್ಪಿದವನಿಗೆ ಮಾರನೆಯ ದಿನ ಯಾರ್ಡಿನಲ್ಲಿ ಯಾರೂ ಟೀ ಹೇಳುತ್ತಿರಲಿಲ್ಲ. ಆ ಒಂದು ಅವಮಾನಕ್ಕೆ ಹೆದರಿ ಎಂಥೆಂಥ ಕಳ್ಳರೂ ಮಾತು ಉಳಿಸಿಕೊಳ್ಳುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಮುಂಬೈಯ ದಲ್ಲಾಳಿ ಕಂಪನಿಯೊಂದು ಊರೂರಿಗೆ ಬ್ರಾಂಚ್ ಹಂಚುತ್ತಿತ್ತು. ನಮ್ಮ ಮಾಲೀಕರು ಒಂದನ್ನು ಹಿಡಿದರು. "ರೈತ್ರಿಗೆಲ್ಲ ನಿನ್ ಮುಖ ಗೊತ್ತು ಕಣಯ್ಯ" ಎಂದು ನನ್ನನ್ನೇ ಮ್ಯಾನೇಜರ್ ಮಾಡಿದರು. ಬೆಂಗಳೂರಿನ ಹೋಟೆಲಿನಲ್ಲಿ ಮೂರು ದಿನ ತರಬೇತಿ. ವಾಯಿದೆ ಮಾರುಕಟ್ಟೆ ಇರುವುದೇ ಬೆಳೆಗಾರನ ಬೆಲೆ ಕಾಯುವುದಕ್ಕೆ ಎಂದು ಟೈ ಕಟ್ಟಿದವನೊಬ್ಬ ಹೇಳಿದ. ನಂಬಿದೆ. ಊರಿಗೆ ಬಂದು ಸ್ಕ್ರೀನ್ ಹಚ್ಚಿದರೆ ಅದರಲ್ಲಿ ನಮ್ಮ ಉಂಡೆ ಕೊಬ್ಬರಿಯೇ ಇಲ್ಲ! ಬೆಳ್ಳಿ, ತಾಮ್ರ, ಕ್ರೂಡ್ ಆಯಿಲ್. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಒಣಗಿದೆಯೋ ಇಲ್ಲವೋ ಹೇಳಬಲ್ಲ ಜನಕ್ಕೆ, ಸಮುದ್ರದಾಚೆ ಯಾರೋ ನೆಲ ಕೊರೆದು ತೆಗೆಯುವ ಎಣ್ಣೆಯನ್ನು ಮಾರಿದೆವು. ಯಾವ ಬೆಳೆಗಾರನ ಬೆಲೆ ಕಾದೆವು? ಆ ಟೈ ಕಟ್ಟಿದವನ ನಾಲಗೆ ಸೇದಿಹೋಗಲಿ.

ಖಾತೆ ತೆರೆಯುವ ಫಾರಂ ಒಂದು ಪುಸ್ತಕದಷ್ಟು ದಪ್ಪ, ಪೂರ್ತಿ ಇಂಗ್ಲಿಷ್. ಸಹಿ ಹಾಕಬೇಕಾದ ಜಾಗಗಳಿಗೆ ನಾನು ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿಡುತ್ತಿದ್ದೆ. ಯಾರಾದರೂ ಓದಲು ಬಗ್ಗಿದರೆ ಕಾಫಿ ಲೋಟವನ್ನು ಆ ಪುಟದ ಮೇಲೆಯೇ ಇಡುತ್ತಿದ್ದೆ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾನೇ ಕಂಡುಹಿಡಿದದ್ದು.

ಗುಬ್ಬಿಯಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ಮತ್ತು ಅವರ ತಮ್ಮ ಒಟ್ಟಿಗೆ ತೆಂಗಿನ ತೋಟ ಮಾಡಿಕೊಂಡಿದ್ದರು. ಮನೆಯಲ್ಲಿ ಭಾವನ ಮಾತಿಗೆ ಎದುರಿರಲಿಲ್ಲ. ಅವರೂ ನನ್ನ ಮುಖ ನೋಡಿಯೇ ಸಹಿ ಹಾಕಿದರು. ನಾನು ಹೇಳಿದ್ದಕ್ಕೇ ಕ್ರೂಡ್ ಕೊಂಡರು. ಹದಿನೈದು ದಿನದಲ್ಲಿ ದರ ಇಳಿಯಿತು. ಫೋನು ಬಂತು.

"ಏನ್ಲಾ ಇದು, ದಿನಾ ಕೆಂಪಗೇ ತೋರ್ಸ್ತೈತಂತಲ್ಲ? ಕೊಟ್ಟು ಕೈ ತೊಳ್ಕೊಳ್ಳಾನ ಬುಡು."

"ಭಾವ, ನೀವು ಅಟ್ಟದಲ್ಲಿರೋ ಕಾಯಿನ ರೇಟ್ ಬಿತ್ತು ಅಂತ ಇಳ್ಸ್ತೀರಾ? ಇದೂ ಅಂಗೇ ಅಂತ ತಿಳ್ಕೊಳ್ಳಿ. ತಡ್ಕೊಳ್ಳಿ."

ನನ್ನ ಪಾಪದ ಬೇರು ಈ ಮಾತಿನಲ್ಲಿದೆ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಬತ್ತಿ ತಾನಾಗಿ ಕೊಬ್ಬರಿಯಾಗುತ್ತದೆ. ಆಮೇಲೂ ದರ ಸರಿಯಿಲ್ಲದಿದ್ದರೆ ಸುಲಿಯದೆ ಕಾಯುತ್ತಾರೆ. ಕಾದವನೇ ಗೆಲ್ಲುವುದು. ಅಪ್ಪ ಅಜ್ಜಂದಿರಿಂದ ಬಂದ ಈ ತಾಳ್ಮೆಯನ್ನು ಭಾವ ಸ್ಕ್ರೀನಿನ ಮೇಲಿನ ಎಣ್ಣೆಗೂ ತಂದರು. ಆದರೆ ವಾಯಿದೆಗೆ ಅಟ್ಟವಿಲ್ಲ. ತಿಂಗಳ ಕೊನೆಗೆ ಅದು ತೀರಲೇಬೇಕು. ನಷ್ಟ ತುಂಬಲು ದಿನದಿನವೂ ದುಡ್ಡು ಕಟ್ಟುತ್ತಿರಬೇಕು. ಇದು ಭಾವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಅಟ್ಟದ ಮಾತು ಆಡಿದೆ, ಯಾಕೆಂದರೆ ಆ ಮಾತು ಫಲಿಸುತ್ತಿತ್ತು. ಊರ್ಡಿಗೆರೆಯವರಿಗೂ ಅದನ್ನೇ ಹೇಳಿದೆ, ಕುಣಿಗಲ್ಲಿನವರಿಗೂ ಅದನ್ನೇ ಹೇಳಿದೆ.

ಇನ್ನೂ ಒಂದಿದೆ. ಇಷ್ಟು ವ್ಯಾಪಾರ ಮಾಡಿಸಲೇಬೇಕು ಎಂದು ಮುಂಬೈಯವರು ಪ್ರತಿ ತಿಂಗಳೂ ಗುರಿ ಕೊಡುತ್ತಿದ್ದರು. ಗಿರಾಕಿ ಗೆಲ್ಲಲಿ ಸೋಲಲಿ, ಕೊಂಡರೆ ಕಮಿಷನ್, ಮಾರಿದರೆ ಕಮಿಷನ್. ತಿಂಗಳ ಕೊನೆಗೆ ಭಾವನ ಎಣ್ಣೆಯನ್ನು ಮಾರಿ, ಅವತ್ತೇ ಮುಂದಿನ ತಿಂಗಳದ್ದನ್ನು ಅವರ ಹೆಸರಿನಲ್ಲಿ ಕೊಂಡೆ. ಅವರನ್ನು ಕೇಳಲಿಲ್ಲ. ಮರುತಿಂಗಳೂ ಕೇಳದೆ ಕೊಂಡೆ, ಅದೂ ಎರಡರಷ್ಟು. ಆ ವರ್ಷ ಕಂಪನಿಯವರು ನನ್ನನ್ನು ಗೋವಾ ಪ್ರವಾಸಕ್ಕೆ ಕಳಿಸಿದರು. ಸಮುದ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ.

ದರ ಮತ್ತೂ ಬಿತ್ತು. ಭಾವನ ದುಡ್ಡೆಲ್ಲ ಕರಗಿತು, ಸಾಲದ್ದಕ್ಕೆ ಬಾಕಿಯ ನೋಟೀಸೂ ಬಂತು. ಅವರು ನೋಟೀಸು ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ ಬಂದರು.

"ಎರಡ್ನೇ ತಿಂಗ್ಳದ್ದು, ಮೂರ್ನೇ ತಿಂಗ್ಳದ್ದು ಯಾರ್ಲಾ ಕೊಂಡಿದ್ದು? ನಾನ್ ಹೇಳಿದ್ನಾ ನಿಂಗೆ?"

"ಫೋನಲ್ಲಿ ಹೂಂ ಅಂದಿದ್ರಿ ಭಾವ, ಮರ್ತಿದೀರಾ."

ಅವರು ಕಂಪನಿಗೆ ದೂರು ಕೊಟ್ಟರು. ವಿಚಾರಣೆಗೆ ಬಂದವರು ನನ್ನಿಂದ ಒಂದು ಹೇಳಿಕೆ ಬರೆಸಿಕೊಂಡರು. ಗಿರಾಕಿಯೇ ಫೋನು ಮಾಡಿ ಆರ್ಡರು ಹೇಳಿದ್ದು ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ದೂರು ಬಿದ್ದುಹೋಯಿತು. ಭಾವ ಕೆರೆ ಏರಿಯ ಕೆಳಗಿನ ತೋಟವನ್ನು ಮಾರಿ ಬಾಕಿ ಕಟ್ಟಿದರು. ಅವರ ತಮ್ಮ, ಪಂಚಾಯಿತಿಯವರ ಮುಂದೆ ಅಣ್ಣನನ್ನು ಜೂಜುಕೋರ ಎಂದು ಕರೆದು, ಪಾಲು ತೆಗೆದುಕೊಂಡು, ಕುಣಿಗಲ್ಲಿಗೆ ಹೋಗಿ ಗೊಬ್ಬರದ ಅಂಗಡಿ ಹಾಕಿದ. ಮತ್ತೆ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ.

ತೋಟ ಹೋದದ್ದು ಒಂದು. ಅದಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ಭಾವನ ಮಾತು ಸತ್ತಿತು. 'ನಾನು ಹೇಳ್ಲಿಲ್ಲ' ಎಂದು ಅವರು ಎಷ್ಟು ಹೇಳಿದರೂ ಅಕ್ಕ ನಂಬಲಿಲ್ಲ. ತನ್ನ ಒಡಹುಟ್ಟಿದ ತಮ್ಮ ಸುಳ್ಳು ಬರೆಯುತ್ತಾನೆಯೇ? ಅವತ್ತಿನಿಂದ ಬಸ್ ಚಾರ್ಜಿಗೂ ಅವರು ಅಕ್ಕನನ್ನು ಕೇಳಬೇಕಾಯಿತು. ಮದುವೆ ಮುಂಜಿಯ ಮಾತುಕತೆಗೆ ಅವರನ್ನು ಯಾರೂ ಕೂರಿಸಿಕೊಳ್ಳುತ್ತಿರಲಿಲ್ಲ. ನಾನು ಹಬ್ಬಕ್ಕೆ ಹೋಗಿ ಅಕ್ಕನ ಕೈಯ ಒಬ್ಬಟ್ಟು ತಿಂದು ಬರುತ್ತಿದ್ದೆ. ಭಾವ ಹಿತ್ತಿಲಿಗೆ ಎದ್ದು ಹೋಗುತ್ತಿದ್ದರು. ಮುಂದೆ ಕಂಪನಿ ಮೊಬೈಲಿಗೆ ಹೊರಟಾಗ, ಇನ್ನು ಬ್ರಾಂಚ್ ಬೇಡ ಎಂದು ಒಂದು ಇಮೇಲ್ ಕಳಿಸಿ ನನ್ನನ್ನು ಕೈಬಿಟ್ಟಿತು. ಆಗ ನನಗೆ ಭಾರೀ ಕೋಪ ಬಂತು. ನನ್ನ ಅನ್ನಕ್ಕೆ ಕಲ್ಲು ಬಿದ್ದಾಗ ಬಂದ ಕೋಪ ಭಾವನ ವಿಷಯಕ್ಕೆ ಬಂದಿರಲಿಲ್ಲ. ಇಂಥ ನಾಯಿಬಾಳು ನನ್ನದು.

ಕಳೆದ ತಿಂಗಳು ಆ ಟೀ ಅಂಗಡಿಯಿಂದ ಹೊರಟು ಗುಬ್ಬಿಯಲ್ಲಿ ಇಳಿದು ಅಕ್ಕನ ಮನೆಗೆ ಹೋದಾಗ ಭಾವ ಪಡಸಾಲೆಯ ಕುರ್ಚಿಯಲ್ಲಿದ್ದರು, ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಕೂರದೆಯೇ ಹೇಳಿದೆ:

"ಭಾವ, ನಂದು ತಪ್ಪಾಯ್ತು. ಆ ಆರ್ಡರ್ ನೀವು ಹೇಳಿರ್ಲಿಲ್ಲ."

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು.

"ನಂಗ್ಯಾಕ್ಲಾ ಹೇಳ್ತೀಯಾ? ನಂಗೆ ಗೊತ್ತಿಲ್ವಾ? ನಿಮ್ಮಕ್ಕಂಗೆ ಹೇಳು. ಜೋರಾಗಿ ಹೇಳು, ಅವ್ಳಿಗೀಗ ಕಿವಿ ಕೇಳಲ್ಲ."

"ಅಕ್ಕಾ, ನಂದು ತಪ್ಪಾಯ್ತು."

"ತಪ್ಪಾಯ್ತು ಅನ್ಬ್ಯಾಡ. ಲೋಟ ಬೀಳ್ಸಿದೋನೂ ತಪ್ಪಾಯ್ತು ಅಂತಾನೆ. ಸುಳ್ಳು ಬರ್ದೆ ಅನ್ನು," ಎಂದರು ಭಾವ.

"ಅಕ್ಕಾ, ನಾನು ಸುಳ್ಳು ಬರ್ದೆ."

"ಏನಂದೆ?" ಅಕ್ಕ ಕಿವಿಗೆ ಕೈ ಇಟ್ಟುಕೊಂಡಳು.

ಮೂರು ಸಲ ಕೂಗಿದೆ. ಎದುರು ಮನೆಯವರು ಬಾಗಿಲಿಗೆ ಬಂದರು. ಮೂರನೆಯ ಸಲ ಅಕ್ಕನಿಗೆ ಕೇಳಿಸಿತು. ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು.

"ಅಂಗಾರೆ ನೀವ್ಯಾಕ್ರೀ ಸುಮ್ನಿದ್ರಿ ಇಷ್ಟ್ ವರ್ಷ?" ಎಂದು ಗಂಡನನ್ನೇ ಕೇಳಿದಳು.

"ಸುಮ್ನಿದ್ನಾ? ನಾನು ಸುಮ್ನಿದ್ನಾ ಕಣೇ?" ಭಾವ ಕುರ್ಚಿಯಿಂದ ಎದ್ದರು. "ಬಡ್ಕೊಂಡೆ. ನೀನು ಕೇಳಿಸ್ಕೊಂಡ್ಯಾ? ಆಗ ಚೆನ್ನಾಗೇ ಇತ್ತಲ್ಲ ನಿನ್ ಕಿವಿ!"

ಭಾವ ನನ್ನ ಕಡೆ ತಿರುಗಿದರು. "ಇಲ್ಲಿ ಆಯ್ತು. ಕುಣಿಗಲ್‌ಗೂ ಹೋಗು. ನನ್ ತಮ್ಮನ ಮುಂದೆ ಇದ್ನೇ ಕೂಗು. ಆಮೇಲೆ ನಿನ್ ಮುಖ ತೋರಿಸ್ಬ್ಯಾಡ."

ಮಾರನೆಯ ದಿನ ಬೆಳಿಗ್ಗೆಯೇ ಕುಣಿಗಲ್ಲಿಗೆ ಹೋದೆ. ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯುವ ಆಸೆ ಬಂತು, ಕಾಯಲಿಲ್ಲ. ಅವರ ಮುಂದೆಯೇ ಹೇಳಿದೆ. ಭಾವನ ತಮ್ಮ ಚೀಲ ತೂಗುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಅವನಿಗೂ ತಲೆಗೂದಲು ನೆರೆತಿದೆ.

"ಅಷ್ಟು ಜನದ ಮುಂದೆ ನಮ್ಮಣ್ಣನ್ನ ನಾನು ಏನಂದೆ ಗೊತ್ತೇನಯ್ಯಾ ನಿಂಗೆ?"

"ಗೊತ್ತು. ಅವತ್ತು ನಾನೂ ಅಲ್ಲೇ ಕೂತಿದ್ದೆ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ದಾಟಿ ಹೊರಗೆ ಹೋಗಿ, "ಅಂಗಡಿ ನೋಡ್ಕೊಳ್ಳೇ, ಅಣ್ಣನ ಮನೆಗೆ ಹೋಗ್ತೀನಿ" ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿ, ಬೈಕು ಹತ್ತಿ ಗುಬ್ಬಿಯ ಕಡೆ ಹೊರಟ.