ಬೇರೆ ಬೇರೆ ರ‍್ಯಾಕ್

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಮೂರು ಕಾಪಿ’ ಎಂದೇ. ಮನೆಯ ಬೀಗದ ಕೈ ಮೂರು: ಒಂದು ಜೇಬಿನಲ್ಲಿ, ಒಂದು ಆಫೀಸಿನ ಡ್ರಾಯರಿನಲ್ಲಿ, ಒಂದು ಅಕ್ಕನ ಮನೆಯಲ್ಲಿ. ಮೂರನ್ನೂ ಒಂದೇ ಕಡೆ ಇಟ್ಟರೆ ಮೂರಿದ್ದು ಏನು ಬಂತು ಭಾಗ್ಯ ಎಂಬುದು ಅವನ ವಾದ. ಅಪ್ಪ ಅಮ್ಮ ಹೋದ ಮೇಲೆ ಸಾಕಿ ಬೆಳೆಸಿದ ಆ ಅಕ್ಕ ಮಾತ್ರ ಅವನಿಗೆ ಒಬ್ಬಳೇ. ಊರಿನ ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳೆಲ್ಲ ಅವನು ನೋಡಿಕೊಳ್ಳುವ ಸರ್ವರುಗಳಲ್ಲಿವೆ, ಒಂದೊಂದಕ್ಕೂ ಮೂರು ಪ್ರತಿ.

ಆ ಬೆಳಿಗ್ಗೆ ಅವನ ಕಣ್ಣಿಗೆ ಒಂದು ಲೋಪ ಬಿತ್ತು. ಹಳೆಯ ನಿಯಮ ಪ್ರತಿಗಳನ್ನು ಮೂರು ಸರ್ವರುಗಳಿಗೆ ಹಂಚುತ್ತಿತ್ತು, ನಿಜ. ಆ ಮೂರೂ ಒಂದೇ ರ‍್ಯಾಕಿನಲ್ಲಿ, ಅಂದರೆ ಒಂದೇ ಕಬ್ಬಿಣದ ಕಪಾಟಿನಲ್ಲಿ ಕೂತಿದ್ದರೂ ಅದಕ್ಕೇನೂ ಚಿಂತೆಯಿಲ್ಲ. ಆ ಕಪಾಟಿಗೇನಾದರೂ ಆದರೆ ಮೂರೂ ಒಟ್ಟಿಗೇ ಗೋತಾ! ‘ಬೇರೆ ಬೇರೆ ರ‍್ಯಾಕ್’ ಎಂದು ನಿಯಮ ಬದಲಿಸಿ ಬಟನ್ ಒತ್ತಿಯೇಬಿಟ್ಟ. ಅದಕ್ಕೂ ಮುಂಚೆ, ಪ್ರತಿಗಳು ಹೊಸ ಜಾಗಕ್ಕೆ ಸಾಗುವ ವೇಗಕ್ಕೆ ಮಿತಿ ಹಾಕಬೇಕು. ಹೊಸಬರಿಗೆ ಬೈದು ಬೈದು ಅದನ್ನು ಕಲಿಸಿದವನೇ ಈ ಮಹಾಶಯ, ಅವತ್ತು ಮರೆತ. ತಲೆಯೆಲ್ಲ ಅಕ್ಕನ ಕಡೆಗಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ಪರವೂರಿನ ಡಾಕ್ಟರು ಅವತ್ತು ನಾಲ್ಕು ಗಂಟೆವರೆಗೆ ಮಾತ್ರ ಇರುತ್ತಾರೆ; ಅವಳ ಹಳೆಯ ಸ್ಕ್ಯಾನನ್ನು ಹೊಸದರ ಜೊತೆ ಹೋಲಿಸಿ, ಗಡ್ಡೆ ಬೆಳೆದಿದೆಯೇ ಎಂದು ನೋಡಿ, ನಾಳೆಯೇ ಆಪರೇಷನ್ ಬೇಕೋ ಬೇಡವೋ ಹೇಳುವವರು ಅವರು. ಎರಡು ಗಂಟೆಗೆ ಅವನು ಅವಳ ಪಕ್ಕದಲ್ಲಿರಬೇಕಿತ್ತು.

ಒತ್ತಿದ್ದೇ ತಡ, ಲಕ್ಷಾಂತರ ಚಿತ್ರಗಳು ಒಟ್ಟಿಗೇ ಮನೆ ಬದಲಾಯಿಸಲು ಹೊರಟವು. ಡಿಸ್ಕುಗಳಿಗೆ ಅದೇ ಕೆಲಸ. ಯಾರಾದರೂ ಒಂದು ಚಿತ್ರ ಕೇಳಿದರೆ ಕೊಡಲು ಪುರುಸೊತ್ತಿಲ್ಲ. ಅವನು ವೇಗ ತಗ್ಗಿಸಿದ. ಆದರೆ ಆಗಲೇ ಸಾಲಿನಲ್ಲಿ ನಿಂತದ್ದು ಕರಗಬೇಕಲ್ಲ! ಹಳೆಯ ನಿಯಮಕ್ಕೆ ಮರಳೋಣವೆಂದರೆ ಹೋದದ್ದೆಲ್ಲ ವಾಪಸ್ ಹೊರಡುತ್ತದೆ. ಪರದೆಯ ಮೇಲೆ, ಮುಗಿದದ್ದು ಮೂವತ್ತೊಂದು ಪರ್ಸೆಂಟ್. ಅವನು ಕೈಕೈ ಹಿಸುಕಿಕೊಳ್ಳುತ್ತ ಕೂತ.

ಎರಡೂವರೆಗೆ ಅಕ್ಕನ ಫೋನು.

“ಎಲ್ಲಿದ್ದೀಯೋ? ಇಲ್ಲಿ ನನ್ನ ಹಳೇ ಸ್ಕ್ಯಾನ್ ಓಪನ್ನೇ ಆಗ್ತಿಲ್ವಂತೆ ಕಣೋ.”

“ಕೆಲಸ ಬಂತಕ್ಕ. ಆಗುತ್ತೆ, ಸ್ವಲ್ಪ ಹೊತ್ತು ಕಾಯಿ.”

“ಅದು ನಿಂಗೆ ಹೇಗೆ ಗೊತ್ತು?”

ಆ ಆಸ್ಪತ್ರೆಯ ಚಿತ್ರಗಳೂ ತಮ್ಮನ ಸುಪರ್ದಿನಲ್ಲೇ ಇವೆಯೆಂದು ಅವಳಿಗೆ ಗೊತ್ತಿರಲಿಲ್ಲ. “ಇಂಥದ್ದೆಲ್ಲ ಬೇಗ ಸರಿಹೋಗುತ್ತಕ್ಕ” ಎಂದು ತೇಲಿಸಿ ಅವನು ಫೋನಿಟ್ಟ.

ನಾಲ್ಕೂ ಹತ್ತಕ್ಕೆ ಮತ್ತೆ ಅವಳೇ. “ಡಾಕ್ಟರು ಹೊರಟೋದ್ರು ಕಣೋ. ಇನ್ನು ಮುಂದಿನ ತಿಂಗಳೇ ಅಂತೆ. ಅಷ್ಟರೊಳಗೆ ಗಡ್ಡೆ ದೊಡ್ಡದಾದ್ರೆ ಏನ್ಮಾಡೋದು?”

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

“ಎಲ್ರೂ ಆ ಕಂಪ್ಯೂಟರ್ ನೋಡ್ಕೊಳ್ಳೋನಿಗೆ ಹಿಡಿಶಾಪ ಹಾಕ್ತಿದ್ರು. ನಾನೇ ಜಗಳ ಆಡಿದೆ. ಪಾಪ, ಯಾರ ಮನೆ ಮಗನೋ ಏನೋ, ಬೇಕೂಂತ ಮಾಡ್ತಾನಾ? ನನ್ನ ತಮ್ಮನೂ ಇಂಥದ್ದೇ ಕೆಲಸ ಮಾಡೋನು ಅಂದೆ.”

“ಅಕ್ಕಾ…”

“ಅಳ್ತಿದ್ದೀಯೇನೋ ಹುಚ್ಚಪ್ಪ? ನಂಗೇನೂ ಆಗಲ್ಲ. ಬಂದು ಮನೆಗೆ ಕರ್ಕೊಂಡು ಹೋಗು, ಒಬ್ಬಳೇ ಕೂತು ಸಾಕಾಯ್ತು.”

ಪರದೆಯ ಮೇಲೆ ನಲವತ್ನಾಲ್ಕು. ಅದು ಮುಗಿಯುವವರೆಗೆ ಅವನು ಎದ್ದು ಹೋಗುವ ಹಾಗಿರಲಿಲ್ಲ.