ಗೋಡೆಯ ಮೇಲಿನ ನಲವತ್ತು ಪದಗಳು

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಹುಬ್ಬಳ್ಳಿಯಲ್ಲಿ ಬೋರ್ಡ್ ಪೇಂಟರ್ ಆಗಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ಐದನೆಯ ತರಗತಿ. ಅಂಗಡಿಗಳ ಬೋರ್ಡೆಲ್ಲ ಫ್ಲೆಕ್ಸ್‌ನವರ ಪಾಲಾಗಿ, ನಮಗೆ ಉಳಿದದ್ದು ಶಾಲೆಗಳ ಗೋಡೆ.

ಗಬ್ಬೂರ ಕಡೆಯ ಒಂದು ಶಾಲೆಯಲ್ಲಿ ಒಂದನೆಯ ತರಗತಿಯ ಗೋಡೆಗೆ ನಲವತ್ತು ಪದ ಬರೆಯಬೇಕಿತ್ತು. ನನ್ನ ತಂಗಿ ಸಾವಿತ್ರಿ ಅದೇ ತರಗತಿಯಲ್ಲಿದ್ದಳು. ನನಗಿಂತ ಹದಿನಾರು ವರ್ಷ ಚಿಕ್ಕವಳು. ಅವ್ವ ತೀರಿಕೊಂಡ ಮೇಲೆ ನಾನೇ ಸಾಕಿದವಳು. ಎಲ್ಲವನ್ನೂ ಕಪ್ಪಿನಲ್ಲಿ, ಸಾದಾ ಅಕ್ಷರದಲ್ಲಿ ಬರೆಯಿರಿ ಎಂದು ಅಲ್ಲಿಯ ಶಿಕ್ಷಕಿ ಅಕ್ಕೋರು ಹೇಳಿದ್ದರು. ಬರೆಯುವುದನ್ನು ಇವರಿಂದ ಕಲಿಯಬೇಕೇ ಎನಿಸಿತು ನನಗೆ. ನಮ್ಮ ಕಸುಬಿನಲ್ಲಿ ಒಂದು ಬೋರ್ಡು ಇನ್ನೊಂದರಂತೆ ಕಾಣಬಾರದು. 'ಎಲೆ'ಗೆ ಹಸಿರು ಹಚ್ಚಿದೆ, 'ಬಾಳೆ'ಗೆ ಹಳದಿ, 'ನದಿ'ಗೆ ನೀಲಿ. ಪ್ರತಿ ಪದಕ್ಕೂ ಬೇರೆ ಬಣ್ಣ, ಬೇರೆ ವಯ್ಯಾರ. ಮಕ್ಕಳು ಕುಣಿದಾಡಿದ್ದು ನೋಡಿ ಅಕ್ಕೋರೂ ಸುಮ್ಮನಾದರು.

ಎರಡು ತಿಂಗಳಲ್ಲಿ ಸಾವಿತ್ರಿ ನಲವತ್ತನ್ನೂ ಓದತೊಡಗಿದಳು. ಓಣಿಯವರನ್ನು ಕರೆದೊಯ್ದು ತೋರಿಸಿದೆ. "ನೀ ಐದನೇತ್ತಾಕ್ಕ ಸಾಲಿ ಬಿಟ್ಟಿ. ಆಕಿ ಒಂದನೇತ್ತಾದಾಗ ನಿನ್ನ ದಾಟ್ಯಾಳ ನೋಡು," ಎಂದು ಚಹಾದಂಗಡಿ ಕಾಕಾ ಛೇಡಿಸಿದರೆ ನನಗೇ ಹೆಮ್ಮೆ.

ಆಮೇಲೆ ಅಕ್ಕೋರು ಅದೇ ಪದಗಳನ್ನು ಸೀಮೆಸುಣ್ಣದಲ್ಲಿ ಬರೆದಾಗ ಅವಳು ಒಂದನ್ನೂ ಓದಲಿಲ್ಲವಂತೆ. ಅವರ ಕೈಬರಹವೇ ಸರಿಯಿಲ್ಲ ಅಂದುಬಿಟ್ಟೆ. ಅದನ್ನು ತೋರಿಸಿಕೊಡಲು ಸಂಜೆ ಕಾಕಾನ ಅಂಗಡಿ ಮುಂದೆ, ನಾಲ್ಕು ಮಂದಿ ಎದುರು, ಪಾಟಿಯ ಮೇಲೆ ಬಳಪದಲ್ಲಿ 'ಬಾಳೆ' ಎಂದು ಮುತ್ತಿನಂತೆ ಬರೆದು ಕೊಟ್ಟೆ. ಸಾವಿತ್ರಿ ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಣ್ಣಾ, ಇದಕ್ಕ ಬಣ್ಣ ಹಚ್ಚು. ಆಮ್ಯಾಲೆ ಹೇಳ್ತೇನಿ."

ಮಂದಿ ನಕ್ಕರು. ನಾನು ಅವಳ ಕೆನ್ನೆಗೆ ಹೊಡೆದೆ. ದಡ್ಡಿ, ನನ್ನ ಮಾನ ಕಳೆದೆ ಎಂದೂ ಬೈದೆ.

ಮರುದಿನ ಅಕ್ಕೋರು ನನ್ನನ್ನು ಕರೆಸಿದರು. "ಆಕಿ ದಡ್ಡಿ ಅಲ್ರಿ. ಆಕಿ ಓದಿದ್ದು ಬಣ್ಣ, ಅಕ್ಷರ ಅಲ್ಲ. ನೀವು ಬರದದ್ದನ್ನ ಓದ್ಯಾಳ, ಅದಕ್ಕ ಬಡದೀರಿ." ಸಣ್ಣ ಮಕ್ಕಳು ಸುಲಭವಾಗಿ ಕಂಡ ಗುರುತನ್ನೇ ಹಿಡಿಯುತ್ತಾರೆ, ಬಣ್ಣವೇ ಸಾಕಾದರೆ ಅಕ್ಷರದತ್ತ ನೋಡುವುದೇ ಇಲ್ಲ ಎಂದು ತಿಳಿಸಿ ಹೇಳಿದರು. 'ಬಾ' ಕಂಡು ಅದರ ಸದ್ದು, 'ಳೆ' ಕಂಡು ಅದರ ಸದ್ದು, ಎರಡನ್ನೂ ಕೂಡಿಸಬೇಕು. ಯಾರೇ ಬರೆದರೂ, ಎಲ್ಲೇ ಬರೆದರೂ ಅದು 'ಬಾಳೆ' ಅಂತ ತಿಳಿದಾಗಲೇ ಓದು ಬಂದಂತೆ.

ಒಂದೇ ಭಾನುವಾರದಲ್ಲಿ ಗೋಡೆಯನ್ನೆಲ್ಲ ಕಪ್ಪಕ್ಷರ ಮಾಡಿದೆ. ಆದರೆ ಸಾವಿತ್ರಿ ನನ್ನೆದುರು ಓದಲೊಲ್ಲಳು; ಪದ ತೋರಿಸಿದರೆ ಕೆನ್ನೆ ಮುಚ್ಚಿಕೊಳ್ಳುತ್ತಿದ್ದಳು. ದಿನಾ ಸಂಜೆ ಪಾಟಿ ಹಿಡಿದು ಕೂರುತ್ತಿದ್ದೆ. ಹತ್ತು ನಿಮಿಷದಲ್ಲಿ ತಾಳ್ಮೆ ತಪ್ಪಿ, ಪಾಟಿ ಬಿಸುಟು ಎದ್ದುಹೋಗುತ್ತಿದ್ದೆ. ದಿನವಿಡೀ ಅಕ್ಷರ ಬರೆಯುವ ಈ ಕೈಗೆ ಒಂದಕ್ಷರ ಕಲಿಸಲು ಬರಲಿಲ್ಲ. ಕಲಿಸಿದವರು ಅಕ್ಕೋರೇ.

ಮಗುವಿಗೆ ಬರೆಯುವಾಗ ಪೇಂಟರ್ ಕಾಣಬಾರದು, ಅಕ್ಷರ ಕಾಣಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು. ಸಾವಿತ್ರಿ ಈಗ ನಾಲ್ಕನೆಯ ತರಗತಿ, ಕೂಡಿಸಿ ಕೂಡಿಸಿ ಓದುತ್ತಾಳೆ. ನಾನು ಹತ್ತಿರ ಕೂತಿದ್ದರೆ, ಪದವನ್ನು ಸರಿಯಾಗಿ ಓದಿ ಮುಗಿಸಿದಾಗಲೂ ಅವಳ ಕಣ್ಣು ಒಮ್ಮೆ ನನ್ನ ಕೈ ಕಡೆ ಹೋಗುತ್ತದೆ.